ಹಳೆಯ ಅಡೆಗಲ್ಲಿನ ತಯಾರಕರನ್ನೂ ಕಾಲವನ್ನೂ ಗುರುತಿಸುವ ಬಗೆ

ಮಂಡ್ಯದ ಕಡೆಯ ಕುಲುಮೆಗಳಲ್ಲಿ ಕಬ್ಬು ಕಡಿಯುವ ಮಚ್ಚು, ಕುಡುಗೋಲುಗಳನ್ನು ಬಡಿದು ಸವೆದ ವಿಲಾಯತಿ ಅಡೆಗಲ್ಲು ಸಿಕ್ಕರೆ, ಗ್ರೈಂಡರ್ ತಾಗಿಸದೆ ತಂತಿ ಬ್ರಷ್‌ನಿಂದಷ್ಟೇ ತುಕ್ಕನ್ನು ತೆಗೆದು, ಪಕ್ಕೆಯ ಮೇಲೆ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ‘ಪೀಟರ್ ರೈಟ್’ ಅಥವಾ ‘ಮೌಸ್‌ಹೋಲ್’ ಎಂದಿದ್ದರೆ ಅದು ಇಂಗ್ಲೆಂಡಿನ ತಯಾರಿಕೆ. ಬಿಡಿಬಿಡಿಯಾಗಿ ಕೆತ್ತಿದ ಮೂರು ಅಂಕಿಗಳನ್ನು ಇಸವಿಯೆಂದು ತಿಳಿಯಬಾರದು, ಅದು ತೂಕ. ಮೊದಲನೆಯದನ್ನು 112ರಿಂದ, ಎರಡನೆಯದನ್ನು 28ರಿಂದ ಗುಣಿಸಿ ಮೂರನೆಯದನ್ನು ಕೂಡಿಸಬೇಕು: 1-2-10 ಎಂದರೆ 178 ಪೌಂಡು, ಸುಮಾರು 81 ಕಿಲೋ. ದೇಶದ ಹೆಸರನ್ನೂ ಒತ್ತಿದ್ದರೆ ಸಾಮಾನ್ಯವಾಗಿ 19ನೆಯ ಶತಮಾನದ ಕೊನೆಯ ಅಥವಾ ಅನಂತರದ ಕಾಲದ್ದು. ಅಡೆಗಲ್ಲಿನ ಮೇಲ್ಮೈಯಲ್ಲಿರುವ ಚೌಕ ತೂತಿನ ಪಕ್ಕದಲ್ಲಿ ಚಿಕ್ಕ ದುಂಡು ತೂತು ಇಲ್ಲದಿರುವುದು ಹೆಚ್ಚಿನ ಹಳಮೆಯ ಕುರುಹು. ಇದ್ದರೆ ಮಾತ್ರ ತೀರ್ಮಾನಕ್ಕೆ ಅವಸರ ಬೇಡ, ಏಕೆಂದರೆ ಅದನ್ನು ಆಮೇಲೆ ಕೊರೆದಿರಲೂಬಹುದು.