ಐಸಿಯ ಒಂದನೇ ಕಾಲು ಯಾವುದು? ಗಂಗಾವತಿಯ ನನ್ನ ಬೆಂಚಿನ ಮೇಲೆ ಕಲಿತದ್ದು

ನನ್ನ ರಿಪೇರಿ ಅಂಗಡಿ ಇರುವುದು ಗಂಗಾವತಿಯಲ್ಲಿ. ಊರ ತುಂಬ ಅಕ್ಕಿ ಗಿರಣಿಗಳು, ಊರು ದಾಟಿದರೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಗದ್ದೆಗಳು. ಹಾಗಾಗಿ ನನ್ನ ಬೆಂಚಿಗೆ ಜಾಸ್ತಿ ಬರುವುದು ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿಯ ಬೋರ್ಡು, ಗಿರಣಿಯ ತೂಕದ ಯಂತ್ರದ ಬೋರ್ಡು. ಟಿವಿ, ಇನ್ವರ್ಟರ್ ಎಲ್ಲ ಆಮೇಲೆ.

ಕೆಲಸ ಶುರು ಮಾಡಿದ ಎರಡನೇ ವರ್ಷ ಕಾರಟಗಿ ಕಡೆಯ ರೈತರೊಬ್ಬರು ಸಿಂಗಲ್ ಫೇಸ್ ಪ್ರಿವೆಂಟರ್ ತಂದರು. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟರ್ ವೈಂಡಿಂಗ್ ಸುಟ್ಟುಹೋಗುತ್ತದೆ. ಹಾಗಾಗದಂತೆ ಮೋಟರನ್ನು ಆಫ್ ಮಾಡುವ ಬೋರ್ಡು ಅದು. "ನಾಟಿ ಮಾಡಿ ನಾಲ್ಕು ದಿನ ಆಗೈತ್ರಿ. ಇವತ್ತ ರಾತ್ರಿ ಥ್ರೀ ಫೇಸ್ ಬರೋದ್ರೊಳಗ ಮಾಡಿಕೊಡ್ರಿ" ಅಂದರು. ನೋಡಿದರೆ ಒಳಗಿನ ಎಲ್‌ಎಂ324 ಐಸಿ (ಎರಡು ಸಾಲು ಕಾಲಿರುವ ಪುಟ್ಟ ಕಪ್ಪು ಚಿಪ್ಪು) ಹೋಗಿತ್ತು. ಅಂಗಡಿಯಲ್ಲಿ ಹೊಸದು ಒಂದೇ ಒಂದು ಇತ್ತು. ಅವಸರದಲ್ಲಿ ಹಳೆಯದರ ಕಾಲು ಕತ್ತರಿಸಿ ತೆಗೆದೆ, ಬಿಸಾಕಿದೆ. ಬೋರ್ಡಿನ ಮೇಲೆ ವಾರ್ನಿಷ್, ಅದರ ಮೇಲೆ ವರ್ಷಗಟ್ಟಲೆ ಧೂಳು. ಐಸಿ ಯಾವ ಕಡೆ ಮುಖ ಮಾಡಿ ಕೂರಬೇಕು ಅಂತ ಬೋರ್ಡಿನ ಮೇಲೆ ಅಚ್ಚು ಹಾಕಿದ ಗುರುತು ಕಾಣಲೇ ಇಲ್ಲ. ಹೊಸ ಐಸಿಯ ಒಂದು ತುದಿಯಲ್ಲಿ ಗುಂಡಗಿನ ಸಣ್ಣ ತಗ್ಗು ಕಂಡಿತು. ಅದೇ ಒಂದನೇ ಪಿನ್ನಿನ, ಅಂದರೆ ಒಂದನೇ ಕಾಲಿನ ಗುರುತು ಅಂದುಕೊಂಡು ಬೆಸುಗೆ ಹಾಕಿಬಿಟ್ಟೆ.

ಕರೆಂಟ್ ಕೊಟ್ಟೆ. ರಿಲೇ (ಬೋರ್ಡಿನ ಮೇಲಿನ ವಿದ್ಯುತ್ ಸ್ವಿಚ್ಚು) ಎಳೆಯಲಿಲ್ಲ. ಐಸಿ ಮೇಲೆ ಬೆರಳಿಟ್ಟರೆ ಚುರ್ ಅಂತು. ಆಫ್ ಮಾಡಿ, ದೀಪವನ್ನು ಓರೆಯಾಗಿ ಹಿಡಿದು ನೋಡಿದೆ. ಇನ್ನೊಂದು ತುದಿಯಲ್ಲಿ ಅರ್ಧಚಂದ್ರದ ಕಚ್ಚು ಇತ್ತು, ತೀರಾ ಆಳವಿಲ್ಲದ್ದು. ಒಂದನೇ ಕಾಲಿನ ನಿಜವಾದ ಗುರುತು ಅದೇ. ನಾನು ನಂಬಿದ್ದ ಗುಂಡಗಿನ ತಗ್ಗು, ಕಾರ್ಖಾನೆಯಲ್ಲಿ ಐಸಿಯನ್ನು ಅಚ್ಚಿನಿಂದ ಹೊರಗೆ ನೂಕುವಾಗ ಬೀಳುವ ಕಲೆ. ಬೇರೆ ಐಸಿ ಮರುದಿನ ಬೆಳಿಗ್ಗೆ ಹೊಸಪೇಟೆಯಿಂದ ತಂದೆ. ಆ ರಾತ್ರಿ ಅವರ ಗದ್ದೆಗೆ ನೀರು ಹೋಗಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾಗಿದ್ದು.

ಆ ರಾತ್ರಿ ಕೂತು 324ರ ಪಿನ್ ನಕ್ಷೆ ಬಿಡಿಸಿದೆ. ಹದಿನಾಲ್ಕು ಕಾಲು. 4ನೇದು ಪ್ಲಸ್, 11ನೇದು ಗ್ರೌಂಡ್. ಐಸಿಯನ್ನು ತಿರುಗುಮುರುಗು ಕೂರಿಸಿದರೆ ಪ್ರತಿ ಕಾಲೂ ತನಗಿಂತ ಏಳು ಆಚೆ ಇರುವ ಕಾಲಿನ ಜಾಗಕ್ಕೆ ಹೋಗುತ್ತದೆ. 1ನೇ ಔಟ್‌ಪುಟ್ ಜಾಗಕ್ಕೆ 8 ಬರುತ್ತದೆ, ಅದೂ ಔಟ್‌ಪುಟ್. 2ರ ಮೈನಸ್ ಇನ್‌ಪುಟ್ ಜಾಗಕ್ಕೆ 9, ಅದೂ ಮೈನಸ್ ಇನ್‌ಪುಟ್. 3ಕ್ಕೆ 10, 5ಕ್ಕೆ 12, 6ಕ್ಕೆ 13, 7ಕ್ಕೆ 14. ಎಲ್ಲವೂ ಸರಿಯಾಗಿ ಹೊಂದುತ್ತವೆ. 4 ಮತ್ತು 11 ಮಾತ್ರ ಅದಲುಬದಲು. ಅಂದರೆ ಪ್ಲಸ್ ಜಾಗದಲ್ಲಿ ಗ್ರೌಂಡ್, ಗ್ರೌಂಡ್ ಜಾಗದಲ್ಲಿ ಪ್ಲಸ್! ಐಸಿ ಒಳಗೆ ಗ್ರೌಂಡಿನಿಂದ ಪ್ಲಸ್ ಕಡೆಗೆ ಡಯೋಡಿನಂಥ, ಅಂದರೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ದಾರಿ ಇರುತ್ತದೆ. ಸರಿಯಾಗಿ ಕೂತಾಗ ಆ ದಾರಿ ಮುಚ್ಚಿರುತ್ತದೆ. ಉಲ್ಟಾ ಕೂತರೆ ತೆರೆದುಕೊಂಡು ಹೆಚ್ಚುಕಡಿಮೆ ಶಾರ್ಟ್ ಆದ ಹಾಗೆ ಕರೆಂಟ್ ಹರಿಯುತ್ತದೆ. ಬೆರಳು ಚುರ್ ಅಂದಿದ್ದು ಅದಕ್ಕೇ.

7 ಗ್ರೌಂಡ್, 14 ಪ್ಲಸ್ ಇರುವ ಐಸಿಗಳಿಗೂ ಇದೇ ಗತಿ. 8 ಗ್ರೌಂಡ್, 16 ಪ್ಲಸ್ ಇರುವ ಸಿಡಿ4017ಗೂ, 4 ಗ್ರೌಂಡ್, 8 ಪ್ಲಸ್ ಇರುವ ಎಲ್‌ಎಂ358ಗೂ ಅಷ್ಟೇ. 555 ಟೈಮರ್ ಸ್ವಲ್ಪ ಬೇರೆ. ಅದರ ಗ್ರೌಂಡ್ 1, ಪ್ಲಸ್ 8. ತಿರುಗಿ ಕೂತರೆ 8ರ ಜಾಗಕ್ಕೆ ರೀಸೆಟ್ ಆದ 4 ಬರುತ್ತದೆ, 1ರ ಜಾಗಕ್ಕೆ 5. ಪ್ಲಸ್ ಮತ್ತು ಗ್ರೌಂಡ್ ನೇರವಾಗಿ ಅದಲುಬದಲಾಗುವುದಿಲ್ಲ. ಹಾಗಾಗಿ 555 ಉಲ್ಟಾ ಕೂತಾಗ ಕೆಲವು ಸಲ ಬಿಸಿಯಾಗದೆ ಸುಮ್ನೆ ಕೂತಿರುತ್ತದೆ. ಬಿಸಿ ಇಲ್ಲ, ಅಂದಮೇಲೆ ಐಸಿ ಸರಿ ಕೂತಿದೆ ಅಂದುಕೊಂಡು ಬೇರೆ ಕಡೆ ದೋಷ ಹುಡುಕುತ್ತಾ ಕೂರುತ್ತೇವೆ.

ಈಗ ನಾನು ಮಾಡುವುದು ಹೀಗೆ. ಹಳೆ ಐಸಿ ತೆಗೆಯುವ ಮೊದಲೇ ಮೊಬೈಲಿನಲ್ಲಿ ಎರಡು ಫೋಟೋ, ಒಂದು ಮೇಲಿಂದ, ಒಂದು ಓರೆಯಿಂದ. ಗಿರಣಿ ಬೋರ್ಡಾದರೆ ಅದಕ್ಕೂ ಮೊದಲು ಬ್ರಷ್ ಹಿಡಿದು ತೌಡಿನ ಧೂಳು ಕೊಡವಬೇಕು. ಅದು ಎಣ್ಣೆಯಂಶದ ಧೂಳು, ಊದಿದರೆ ಹೋಗಲ್ಲ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣ ಹಚ್ಚಿ ಒರೆಸಬೇಕು. ಲೇಸರಿನಲ್ಲಿ ಕೊರೆದ ಅಕ್ಷರ ಮಸುಕಾಗಿದ್ದರೆ ಮೇಲೆ ಸೀಮೆಸುಣ್ಣ ಉಜ್ಜಿ, ಬೆರಳಿನಿಂದ ಹಗುರವಾಗಿ ಒರೆಸುತ್ತೇನೆ. ಕೊರೆದ ಗೆರೆಯಲ್ಲಿ ಬಿಳಿ ಪುಡಿ ಉಳಿದು ನಂಬರ್ ಎದ್ದು ಕಾಣುತ್ತದೆ.

ಕಚ್ಚು ಮೇಲಕ್ಕೆ ಬರುವಂತೆ ಹಿಡಿದರೆ ಅದರ ಎಡಕ್ಕೆ ಇರುವುದು ಒಂದನೇ ಕಾಲು. ಅಲ್ಲಿಂದ ಎಡಸಾಲಿನಲ್ಲಿ ಕೆಳಗೆ ಇಳಿದು, ಬಲಸಾಲಿನಲ್ಲಿ ಮೇಲೆ ಹತ್ತಬೇಕು. ಅಂದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಕೊನೆಯ ಕಾಲು ಒಂದನೇ ಕಾಲಿನ ಎದುರಿಗೇ ಬರುತ್ತದೆ. ಇದು ಐಸಿಯನ್ನು ಮೇಲಿಂದ ನೋಡುವಾಗ. ಬೆಸುಗೆ ಹಾಕಲು ಬೋರ್ಡ್ ಮಗುಚಿದರೆ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಆಗುತ್ತದೆ, ಎಣಿಕೆ ಗಡಿಯಾರದ ದಿಕ್ಕಿಗೇ ಹೋಗುತ್ತದೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಬೆಸುಗೆ ಕಡೆಯಲ್ಲಿ ಒಂದು ಗುರುತು ಸಹಾಯಕ್ಕೆ ಬರುತ್ತದೆ: ಸುಮಾರು ಬೋರ್ಡುಗಳಲ್ಲಿ ಒಂದನೇ ಕಾಲಿನ ಪ್ಯಾಡ್ (ಬೆಸುಗೆ ಕೂರುವ ತಾಮ್ರದ ಬಿಲ್ಲೆ) ಮಾತ್ರ ಚೌಕ, ಉಳಿದವು ಗುಂಡಗೆ.

ಎಸ್‌ಎಂಡಿ ಐಸಿಯಲ್ಲಿ (ತೂತಿಲ್ಲದೆ ಬೋರ್ಡಿನ ಮೇಲ್ಮೈಗೇ ಬೆಸೆಯುವಂಥದ್ದು) ಕಚ್ಚು ಇರದೇ ಇರಬಹುದು. ಚುಕ್ಕಿ ಇರುತ್ತದೆ, ಅಥವಾ ಒಂದು ತುದಿಗೆ ಗೆರೆ. ಎರಡೂ ಇಲ್ಲದಿದ್ದರೆ ಉದ್ದನೆಯ ಎರಡು ಅಂಚನ್ನು ಉಗುರಿನಿಂದ ಸವರಿ ನೋಡಿ. ಒಂದು ಅಂಚು ಇಳಿಜಾರಾಗಿ ಕತ್ತರಿಸಿದ ಹಾಗಿದ್ದರೆ ಒಂದನೇ ಕಾಲು ಆ ಸಾಲಿನಲ್ಲಿದೆ. ಅಕ್ಷರ ನೆಟ್ಟಗೆ ಓದುವಂತೆ ಹಿಡಿದರೆ ಸಾಮಾನ್ಯವಾಗಿ ಎಡಗಡೆ ಕೆಳಮೂಲೆ. ನಾಲ್ಕೂ ಕಡೆ ಕಾಲಿರುವ ಚೌಕ ಐಸಿಯಲ್ಲಿ ಎರಡು ಮೂರು ಗುಂಡಗಿನ ಗುರುತು ಇದ್ದರೂ ಅಕ್ಷರದ ದಿಕ್ಕು ನೋಡಿ ಇದೇ ಲೆಕ್ಕ ಹಾಕುತ್ತೇನೆ. ಹಳೆಯ ಪಿಎಲ್‌ಸಿಸಿ ಚಿಪ್ಪುಗಳಲ್ಲಿ (ನಾಲ್ಕೂ ಕಡೆಯ ಕಾಲು ಒಳಕ್ಕೆ ಮಡಚಿದವು) ಮಾತ್ರ ಒಂದನೇ ಕಾಲು ಮೂಲೆಯಲ್ಲಿ ಇರುವುದಿಲ್ಲ, ಒಂದು ಬದಿಯ ನಡುಮಧ್ಯೆ ಇರುತ್ತದೆ. ಪವರ್ ಸಪ್ಲೈನ ಕೆಲವು ಐಸಿಗಳಲ್ಲಿ ಹೈ ವೋಲ್ಟೇಜ್ ಕಾಲಿನ ಪಕ್ಕ ಒಂದು ಕಾಲೇ ಇರುವುದಿಲ್ಲ. ಆ ಖಾಲಿ ಜಾಗಕ್ಕೂ ಒಂದು ನಂಬರ್ ಬಿಟ್ಟು ಎಣಿಸಬೇಕು.

ಇಷ್ಟೆಲ್ಲ ನೋಡಿದ ಮೇಲೂ ಮೀಟರ್ ಹಿಡಿಯದೆ ನಾನು ಐಸಿ ಕೂರಿಸುವುದಿಲ್ಲ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್ ಪೂರ್ತಿ ಡಿಸ್ಚಾರ್ಜ್ ಮಾಡಿ, ಬೀಪ್ ಮೋಡಿನಲ್ಲಿ (ಎರಡು ಜಾಗ ಒಂದಕ್ಕೊಂದು ಸೇರಿದ್ದರೆ ಮೀಟರ್ ಸದ್ದು ಮಾಡುತ್ತದೆ) ನೋಡುತ್ತೇನೆ. ಐಸಿಗೆ ಕರೆಂಟ್ ಕೊಡುವುದು 7812 ರೆಗ್ಯುಲೇಟರ್ (12 ವೋಲ್ಟ್ ಕೊಡುವ ಮೂರು ಕಾಲಿನ ಬಿಡಿಭಾಗ) ಆಗಿದ್ದರೆ ಕೆಲಸ ಸುಲಭ. ಅದರ ನಡುವಿನ ಕಾಲು ಗ್ರೌಂಡ್. ಬರಹ ನಮ್ಮ ಕಡೆ ಇರುವಂತೆ ಹಿಡಿದರೆ ಬಲಗಾಲು ಔಟ್‌ಪುಟ್. 324 ಕೂರುವ ಜಾಗದಲ್ಲಿ ಎರಡೂ ಸಾಲಿನ ನಟ್ಟನಡುವಿನ ತೂತು ನೋಡಬೇಕು: ರೆಗ್ಯುಲೇಟರಿನ ನಡುಗಾಲಿಗೆ ಬೀಪ್ ಕೊಡುವುದು 11, ಔಟ್‌ಪುಟ್ಟಿಗೆ ಬೀಪ್ ಕೊಡುವುದು 4. ಇನ್ನು ಕೈಯಲ್ಲಿರುವ ಐಸಿ: ಮೀಟರ್ ಡಯೋಡ್ ಮೋಡಿನಲ್ಲಿಟ್ಟು ಕೆಂಪು ವೈರ್ ಗ್ರೌಂಡ್ ಕಾಲಿಗೆ, ಕಪ್ಪು ವೈರ್ ಪ್ಲಸ್ ಕಾಲಿಗೆ. ಸುಮಾರು 0.5ರಿಂದ 0.7 ತೋರಿಸಿದರೆ ನನ್ನ ಎಣಿಕೆ ಸರಿ. ಬೋರ್ಡಿನ ಗುರುತು, ಐಸಿಯ ಗುರುತು, ಮೀಟರ್, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಐರನ್ ಬಿಸಿ ಮಾಡುತ್ತೇನೆ.

ಟಿವಿ ಸಾಫ್ಟ್‌ವೇರ್ ತುಂಬುವಾಗಲೂ ಇದೇ ಎಚ್ಚರ. ಸಾಫ್ಟ್‌ವೇರ್ ಉಳಿಯುವ ಎಂಟು ಕಾಲಿನ ಫ್ಲ್ಯಾಶ್ ಐಸಿಗೆ ಕ್ಲಿಪ್ ಹಾಕುವಾಗ ಕ್ಲಿಪ್ಪಿನ ಕೆಂಪು ವೈರ್ ಚುಕ್ಕಿಯ ಕಡೆಗೇ ಬರಬೇಕು. ಅಲ್ಲಿ 4 ಗ್ರೌಂಡ್, 8 ಪ್ಲಸ್, ಉಲ್ಟಾ ಆದರೆ ಕಥೆ ಗೊತ್ತಲ್ವಾ.

ಹೋದ ವಾರ ಅಂಗಡಿಗೆ ಕಲಿಯಲು ಬರುವ ಐಟಿಐ ಹುಡುಗ ಒಂದು ಐಸಿ ಹಿಡಿದುಕೊಂಡು ಬಂದ. "ಅಣ್ಣ, ಎರಡೂ ಕಡಿ ಗುಂಡಗಿನ ಗುರುತು ಐತಿ. ಯಾವುದು ಖರೆ?" ನಾನು ಹೇಳಲಿಲ್ಲ, ಮೀಟರ್ ಕೈಗೆ ಕೊಟ್ಟೆ. ನಕ್ಷೆ ನೋಡಿ ಕೆಂಪು ವೈರ್ 11ಕ್ಕೆ, ಕಪ್ಪು ವೈರ್ 4ಕ್ಕೆ ಇಟ್ಟ. ಏನೂ ತೋರಿಸಲಿಲ್ಲ. ಐಸಿ ತಿರುಗಿಸಿ ಮತ್ತೆ ಎಣಿಸಿ ಇಟ್ಟ. 0.6 ಬಂತು. "ಈ ಕಡಿ ಅಣ್ಣ" ಅಂದ. ಬಿಳಿ ಉಗುರು ಬಣ್ಣದ ಬಾಟಲಿ ಕೊಟ್ಟೆ. ಒಂದನೇ ಕಾಲಿನ ಪಕ್ಕ ಬೋರ್ಡಿನ ಮೇಲೆ ಚುಕ್ಕಿ ಇಟ್ಟು, ಐಸಿ ಬೇಸಿನ (ಐಸಿ ಕೂರುವ ಸಾಕೆಟ್ಟಿನ) ಕಚ್ಚನ್ನು ಆ ಕಡೆಗೆ ಮಾಡಿ ಬೆಸುಗೆ ಹಾಕಿದ. ಐಸಿಯನ್ನು ನಾನು ಕೂರಿಸಿದೆ.