ರಿಯಾಯಿತಿಯ ಫೇರ್ ಟ್ರೇಡ್ ಕಾಫಿ ನಿಜಕ್ಕೂ ಅಗ್ಗವೇ? ಲೆಕ್ಕ ಹಾಕುವ ಬಗೆ

ಆನ್‌ಲೈನ್ ಅಂಗಡಿಯಲ್ಲಿ ಫೇರ್ ಟ್ರೇಡ್ ಕಾಫಿಗೆ, ಅಂದರೆ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಲ್ಲಬೇಕೆಂಬ ಷರತ್ತಿನ ಕಾಫಿಗೆ, ಶೇ. 40 ರಿಯಾಯಿತಿ ಎಂದು ಕಂಡಾಗ ಕೊಳ್ಳುವವರಿಗೆ ಎರಡು ಅನುಮಾನಗಳು ಒಟ್ಟಿಗೇ ಬರುತ್ತವೆ. ಇಷ್ಟು ಕಡಿಮೆಗೆ ಕೊಟ್ಟರೆ ಬೆಳೆಗಾರರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂಬುದು ಒಂದು. ನಮಗೆ ನಿಜವಾಗಿಯೂ ಹಣ ಉಳಿಯುತ್ತಿದೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಬೇಗ ಬಗೆಹರಿಸಬಹುದು, ಎರಡನೆಯದಕ್ಕೆ ಸ್ವಲ್ಪ ಲೆಕ್ಕ ಬೇಕು.

ಬೆಳೆಗಾರರ ಪಾಲು ನಿರ್ಧಾರವಾಗುವುದು ಹಸಿ ಬೀಜ ಮಾರಾಟವಾಗುವ ಹಂತದಲ್ಲಿ. ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಸಂಸ್ಥೆಯ ನಿಯಮದಂತೆ, ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ಕಾಫಿಗೆ 2023ರ ಆಗಸ್ಟ್‌ನಿಂದ ಪೌಂಡಿಗೆ 1.80 ಡಾಲರ್ ಕನಿಷ್ಠ ಬೆಲೆಯಿದೆ. ಮಾರುಕಟ್ಟೆ ದರ ಅದಕ್ಕಿಂತ ಮೇಲಿದ್ದರೆ ಮಾರುಕಟ್ಟೆ ದರವನ್ನೇ ಕೊಡಬೇಕು, ಮತ್ತು ಎರಡೂ ಸಂದರ್ಭಗಳಲ್ಲಿ ಪೌಂಡಿಗೆ 20 ಸೆಂಟ್ ಪ್ರೀಮಿಯಂ ಬೆಳೆಗಾರರ ಸಂಘಕ್ಕೆ ಪ್ರತ್ಯೇಕವಾಗಿ ಸಲ್ಲಬೇಕು. ಹೀಗೆ ಕೊಂಡ ಬೀಜವನ್ನು ಹುರಿದು ಪೊಟ್ಟಣ ಕಟ್ಟಿದ ಮೇಲೆ ಅಂಗಡಿಯವರು ಬೆಲೆ ಇಳಿಸಿದರೆ ಕಡಿಮೆಯಾಗುವುದು ಅವರ ಲಾಭವೇ ಹೊರತು ರೈತರಿಗೆ ಆಗಲೇ ಸಂದಿರುವ ಹಣವಲ್ಲ. ಆದ್ದರಿಂದ ರಿಯಾಯಿತಿಯಲ್ಲಿ ಕೊಂಡೆವೆಂದು ಯಾರೂ ಸಂಕೋಚಪಡಬೇಕಾಗಿಲ್ಲ.

ಆದರೆ ಇದೇ ಅಂಕಿಗಳಿಂದ ಒಂದು ತಳಮಟ್ಟದ ಬೆಲೆಯೂ ಸಿಗುತ್ತದೆ. ಕನಿಷ್ಠ ಬೆಲೆ ಮತ್ತು ಪ್ರೀಮಿಯಂ ಸೇರಿ ಪೌಂಡಿಗೆ ಎರಡು ಡಾಲರ್ ಎಂದರೆ ಕಿಲೋ ಹಸಿ ಬೀಜಕ್ಕೆ ಸುಮಾರು 4.40 ಡಾಲರ್. ಹುರಿಯುವಾಗ ತೇವಾಂಶ ಹೋಗಿ ತೂಕ ಇಳಿಯುವುದರಿಂದ ಒಂದು ಕಿಲೋ ಹುರಿದ ಕಾಫಿಗೆ ಸುಮಾರು 1.19 ಕಿಲೋ ಹಸಿ ಬೀಜ ಬೇಕು; ಅಲ್ಲಿಗೆ ಬೀಜದ ವೆಚ್ಚವೇ ಐದೂಕಾಲು ಡಾಲರ್ ಆಯಿತು. ಇದರ ಮೇಲೆ ಹಡಗಿನ ಬಾಡಿಗೆ, ಹುರಿಯುವ ಖರ್ಚು, ಪೊಟ್ಟಣ, ತೆರಿಗೆ ಇವೆಲ್ಲ ಬರಬೇಕು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ವಾಯಿದಾ ಮಾರುಕಟ್ಟೆಯಲ್ಲಿ ಅರೇಬಿಕಾ ದರ ಪೌಂಡಿಗೆ 4 ಡಾಲರ್ ದಾಟಿತ್ತು. ಅಂಥ ಕಾಲದಲ್ಲಿ ಈ ತಳಮಟ್ಟ ಎರಡು ಪಟ್ಟಿಗೂ ಮಿಕ್ಕಿ ಏರುತ್ತದೆ. ಕೇಳುತ್ತಿರುವ ಬೆಲೆ ಈ ಮಟ್ಟದ ಹತ್ತಿರಕ್ಕೆ ಬಂದರೆ ಅದು ಹಳೆಯ ದಾಸ್ತಾನಾಗಿರಬಹುದು, ಇಲ್ಲವೇ ಹೇಳಿದ ಸರಕೇ ಆಗಿರಲಾರದು. ರೊಬಸ್ಟಾಕ್ಕೆ ಕನಿಷ್ಠ ಬೆಲೆ ಕಡಿಮೆಯಿರುವುದರಿಂದ ಪೊಟ್ಟಣದಲ್ಲಿ ಯಾವ ಜಾತಿ ಎಷ್ಟಿದೆ ಎಂಬುದನ್ನೂ ನೋಡಿಕೊಳ್ಳಬೇಕು.

ಇನ್ನು ಪೊಟ್ಟಣದ ಮೇಲಿನ ಫೇರ್ ಟ್ರೇಡ್ ಮುದ್ರೆಯ ವಿಷಯ. ‘ನೈತಿಕವಾಗಿ ಕೊಂಡದ್ದು’, ‘ರೈತರಿಂದ ನೇರ ಖರೀದಿ’ ಎಂಬ ಮಾತುಗಳು ಪ್ರಮಾಣಪತ್ರಗಳಲ್ಲ. ಅವುಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಮುದ್ರೆಯಿದ್ದರೂ ಅದು ಯಾರದ್ದೆಂದು ಗಮನಿಸಬೇಕು: 2011ರ ಕೊನೆಯಲ್ಲಿ ಫೇರ್ ಟ್ರೇಡ್ ಯುಎಸ್ಎ ಸಂಸ್ಥೆಯು ಅಂತರರಾಷ್ಟ್ರೀಯ ವ್ಯವಸ್ಥೆಯಿಂದ ಹೊರಬಂದು, ಕೂಲಿಯಾಳುಗಳು ದುಡಿಯುವ ದೊಡ್ಡ ತೋಟಗಳಿಗೂ ಪ್ರಮಾಣಪತ್ರ ಕೊಡಲು ಮುಂದಾಯಿತು, ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಮಾತ್ರ ಕಾಫಿಯಲ್ಲಿ ಸಣ್ಣ ಬೆಳೆಗಾರರ ಸಂಘಗಳಿಗಷ್ಟೇ ಸೀಮಿತವಾಗಿ ಉಳಿಯಿತು. ಮುದ್ರೆಯ ಪಕ್ಕದಲ್ಲಿ ಬಾಣದ ಗುರುತಿದ್ದರೆ ಪೊಟ್ಟಣದ ಹಿಂಬದಿಯ ವಿವರವನ್ನು ಓದಬೇಕು. ಪುಟದಲ್ಲಿ ಪೊಟ್ಟಣದ ಮುಂಭಾಗದ ಚಿತ್ರವೊಂದನ್ನೇ ಹಾಕಿದ್ದರೆ ಹಿಂಭಾಗದ ಚಿತ್ರ ಕಳಿಸುವಂತೆ ಮಾರಾಟಗಾರರನ್ನು ಕೇಳಬಹುದು. ಇಷ್ಟೆಲ್ಲ ಸರಿಯಿದ್ದರೂ ಮುದ್ರೆ ಹೇಳುವುದು ವ್ಯಾಪಾರದ ಷರತ್ತುಗಳ ಬಗ್ಗೆಯೇ ಹೊರತು ರುಚಿಯ ಬಗ್ಗೆ ಅಲ್ಲ.

ಈಗ ಉಳಿತಾಯದ ಲೆಕ್ಕಕ್ಕೆ ಬರೋಣ. ಕಾಫಿ ಪೊಟ್ಟಣಗಳು 250, 340, 454, 500 ಗ್ರಾಂ ಎಂದು ನಾನಾ ತೂಕಗಳಲ್ಲಿ ಬರುತ್ತವೆ. ಚಿತ್ರದಲ್ಲಿ ಎಲ್ಲವೂ ಒಂದೇ ಗಾತ್ರದಲ್ಲಿ ಕಾಣುತ್ತವೆ. ಎರಡು ಪೊಟ್ಟಣಗಳ ಮುಖಬೆಲೆಯೂ 100 ಎಂದೇ ಇಟ್ಟುಕೊಳ್ಳಿ. ಒಂದು 250 ಗ್ರಾಂ ತೂಕದ್ದು, ಅದಕ್ಕೆ ಶೇ. 30 ರಿಯಾಯಿತಿ; ಇನ್ನೊಂದು 340 ಗ್ರಾಂ, ಅದಕ್ಕೆ ರಿಯಾಯಿತಿಯೇ ಇಲ್ಲ. ಮೊದಲನೆಯದು 100 ಗ್ರಾಂಗೆ 28 ಬೀಳುತ್ತದೆ, ಎರಡನೆಯದು 29.40. ವ್ಯತ್ಯಾಸ ಇಷ್ಟೇ. ಮೊದಲನೆಯದಕ್ಕೆ 10 ಸಾಗಣೆ ಶುಲ್ಕ ಸೇರಿಸಿ ಎರಡನೆಯದನ್ನು ಉಚಿತವಾಗಿ ಕಳಿಸಿದರೆ ರಿಯಾಯಿತಿಯದೇ 100 ಗ್ರಾಂಗೆ 32 ಆಗಿ ದುಬಾರಿಯಾಗುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಶೇಕಡಾವಾರನ್ನಲ್ಲ, ಎಲ್ಲ ಶುಲ್ಕಗಳೂ ಸೇರಿದ ಮೇಲೆ 100 ಗ್ರಾಂಗೆ ತಗಲುವ ಬೆಲೆಯನ್ನು.

ಹೊಡೆದುಹಾಕಿ ತೋರಿಸುವ ಹಳೆಯ ಬೆಲೆಯನ್ನು ನಾನಂತೂ ನಂಬುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ, ರಿಯಾಯಿತಿ ಘೋಷಿಸುವವರು ಹಿಂದಿನ 30 ದಿನಗಳಲ್ಲಿ ತಾವು ಮಾರಿದ ಅತಿ ಕಡಿಮೆ ಬೆಲೆಯನ್ನು ತೋರಿಸಲೇಬೇಕೆಂಬ ನಿಯಮ ಬಂದದ್ದು ಹಳೆಯ ಬೆಲೆಯನ್ನು ಹಿಗ್ಗಿಸಿ ತೋರಿಸುವ ಚಾಳಿ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಸಾಕ್ಷಿ. ಬೇರೆಡೆ ಇರುವವರು ಮೂರು ನಾಲ್ಕು ವಾರ ಬೆಲೆಯನ್ನು ಬರೆದಿಟ್ಟುಕೊಂಡು, ಕಾಫಿ ಹುರಿಯುವವರ ಸ್ವಂತ ಜಾಲತಾಣದಲ್ಲಿ ಅದೇ ಪೊಟ್ಟಣ ಎಷ್ಟಕ್ಕಿದೆ ಎಂದು ನೋಡಿದರೆ ಸಾಕು. ಚಂದಾ ಯೋಜನೆಗಳಿಗೂ ಇದೇ ಎಚ್ಚರ ಬೇಕು: ಮೊದಲ ಪೊಟ್ಟಣ ಅರ್ಧ ಬೆಲೆಗೆ ಕೊಟ್ಟು ಮುಂದಿನ ಎರಡನ್ನು ಪೂರ್ಣ ಬೆಲೆಗೆ ಕೊಳ್ಳಲೇಬೇಕೆಂದಿದ್ದರೆ ಸರಾಸರಿ ರಿಯಾಯಿತಿ ಶೇ. 17ಕ್ಕೂ ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ದಿನಾಂಕದಲ್ಲಿ. ಒಮ್ಮೆ ನಾನು ಭಾರಿ ರಿಯಾಯಿತಿಗೆ ಆಸೆಪಟ್ಟು ಒಂದು ಕಿಲೋ ಪುಡಿ ತರಿಸಿದ್ದೆ. ಬಳಕೆಯ ಕೊನೆಯ ದಿನಾಂಕಕ್ಕೆ ಇನ್ನೂ ಮೂರು ತಿಂಗಳಿತ್ತು, ಹುರಿದ ದಿನಾಂಕ ಮಾತ್ರ ಎಲ್ಲಿಯೂ ಇರಲಿಲ್ಲ. ಪೊಟ್ಟಣದ ಬಾಯಿ ಕತ್ತರಿಸಿದಾಗ ಮೂಗಿಗೆ ಬಂದದ್ದು ಕಾಫಿಯ ಘಮವಲ್ಲ, ರಟ್ಟಿನ ವಾಸನೆ. ಬಳಕೆಯ ಅವಧಿಯನ್ನು ಹುರಿದ ದಿನದಿಂದ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಂದು ಇಡುವುದು ವಾಡಿಕೆ. ಅಷ್ಟು ದಿನ ಕಾಫಿ ಕೆಡುವುದಿಲ್ಲ ನಿಜ, ಆದರೆ ಪರಿಮಳ ಉಳಿಯುವುದಿಲ್ಲ. ಬೀಜವಾದರೆ ಹುರಿದು ಒಂದೆರಡು ತಿಂಗಳೊಳಗಿನದು ಇರಲಿ; ಪುಡಿ ಗಾಳಿಗೆ ಬೇಗ ಸೋಲುವುದರಿಂದ ಅದರ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು. ಎರಡು ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಕೊಳ್ಳುವವರಿಗೆ ಒಂದು ಕಿಲೋ ಚೀಲದ ರಿಯಾಯಿತಿಯಿಂದ ಲಾಭವಿಲ್ಲ, ಏಕೆಂದರೆ ಕೊನೆಯ ಕಾಲುಭಾಗವನ್ನು ಬೇಸರದಿಂದ ಕುಡಿಯಬೇಕಾಗುತ್ತದೆ ಅಥವಾ ಚೆಲ್ಲಬೇಕಾಗುತ್ತದೆ. ಚೆಲ್ಲಿದ ಕಾಫಿಯ ಬೆಲೆಯನ್ನೂ 100 ಗ್ರಾಂನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್‌ಸ್ಟಂಟ್ ಕಾಫಿಯನ್ನು ಹುರಿದ ಕಾಫಿಯೊಡನೆ ತೂಕದಿಂದ ಹೋಲಿಸಬಾರದು. ಒಂದು ಕಿಲೋ ಇನ್‌ಸ್ಟಂಟ್‌ಗೆ ಸುಮಾರು 2.6 ಕಿಲೋ ಹಸಿ ಬೀಜ ಬೇಕಾಗುತ್ತದೆ, ಲೋಟಕ್ಕೆ ಎರಡು ಗ್ರಾಂ ಸಾಕಾಗುತ್ತದೆ. ಅಲ್ಲಿ ಲೋಟದ ಲೆಕ್ಕವೇ ಸರಿ. ಚಿಕೋರಿ ಬೆರೆತ ಪುಡಿಯಾದರೆ ಕಾಫಿಯ ಪಾಲಷ್ಟನ್ನೇ ತೂಕವೆಂದು ಹಿಡಿಯಬೇಕು: 500 ಗ್ರಾಂನಲ್ಲಿ ಶೇ. 30 ಚಿಕೋರಿಯಿದ್ದರೆ ನೀವು ಕೊಂಡದ್ದು 350 ಗ್ರಾಂ ಕಾಫಿ.

ಪೊಟ್ಟಣ ಮನೆಗೆ ಬಂದ ದಿನವೇ ಎರಡು ಚಮಚ ಪುಡಿಯ ಮೇಲೆ ಸ್ವಲ್ಪ ಬಿಸಿನೀರು ಸುರಿದು ಅರ್ಧ ನಿಮಿಷ ನೋಡಿ. ಇತ್ತೀಚೆಗೆ ಹುರಿದದ್ದಾದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬಂದು ಪುಡಿ ಗುಳ್ಳೆಯೆದ್ದು ಉಬ್ಬುತ್ತದೆ. ಹಳೆಯದು ಒದ್ದೆ ಮಣ್ಣಿನಂತೆ ಕುಸಿದು ಸುಮ್ಮನಾಗುತ್ತದೆ. ಕುಸಿದರೆ ಪೊಟ್ಟಣದ ಮೇಲಿನ ದಿನಾಂಕಗಳ ಚಿತ್ರ ತೆಗೆದಿಟ್ಟುಕೊಂಡು, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಮಾರಾಟಗಾರರಿಗೆ ಬರೆಯಿರಿ.