ನೈಟ್ರೋನಾ, ಎಲೆಕ್ಟ್ರಿಕ್ಕಾ? ಆರ್‌ಸಿ ಕಾರು ಆರಿಸುವುದು ಹೇಗೆ

ಆರ್‌ಸಿ ಕಾರು, ಅಂದರೆ ರಿಮೋಟ್‌ನಿಂದ ಓಡಿಸುವ ಪುಟ್ಟ ಕಾರು, ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ: ಯಾವುದು ಜಾಸ್ತಿ ಸ್ಪೀಡು? ಆ ಪ್ರಶ್ನೆಯನ್ನು ಪಕ್ಕಕ್ಕಿಡಿ. ಬ್ರಷ್‌ಲೆಸ್ (ಒಳಗೆ ಉಜ್ಜುವ ಬ್ರಷ್ ಇಲ್ಲದ) ಮೋಟರ್ ಬಂದ ಮೇಲೆ ಎಲೆಕ್ಟ್ರಿಕ್ ಗಾಡಿ ವೇಗದಲ್ಲಿ ನೈಟ್ರೋಗೆ, ಅಂದರೆ ಇಂಧನ ಸುಟ್ಟು ಓಡುವ ಪುಟ್ಟ ಎಂಜಿನ್ನಿನ ಗಾಡಿಗೆ, ಕಮ್ಮಿಯಿಲ್ಲ. ನಿಂತಲ್ಲಿಂದ ಎಗರುವುದರಲ್ಲಂತೂ ಅದೇ ಮುಂದು. ಹುಬ್ಬಳ್ಳಿ-ಧಾರವಾಡದಲ್ಲಿ ಇರುವವರು ಯೋಚಿಸಬೇಕಾದದ್ದು ಬೇರೆ. ಎಲ್ಲಿ ಓಡಿಸುತ್ತೀರಿ? ಇಂಧನ ಎಲ್ಲಿಂದ ತರುತ್ತೀರಿ? ಓಡಿಸಿ ಬಂದ ಮೇಲೆ ಗಾಡಿಗೆ ಎಷ್ಟು ಹೊತ್ತು ಕೊಡುತ್ತೀರಿ?

ಮೊದಲು ಜಾಗ ನೋಡಿ

ನೈಟ್ರೋ ಎಂಜಿನ್ ಪುಟ್ಟದು. ದೊಡ್ಡ ಬಗ್ಗಿಯದೂ (ಮಣ್ಣಿನ ನೆಲದಲ್ಲಿ ಓಡುವ ಮಾದರಿ) ಸುಮಾರು 3.5 ಸಿಸಿ ಅಷ್ಟೇ. ಆದರೆ ನಿಮಿಷಕ್ಕೆ 30,000 ಸುತ್ತು ದಾಟಿ ತಿರುಗುತ್ತದೆ, ಚೀರುತ್ತದೆ, ಹೊಗೆ ಬಿಡುತ್ತದೆ. ವಿದ್ಯಾನಗರದ ಓಣಿಯಲ್ಲೋ ಸಪ್ತಾಪುರದ ಖಾಲಿ ಸೈಟಿನಲ್ಲೋ ಹತ್ತು ನಿಮಿಷ ಓಡಿಸಿದರೆ ಅಕ್ಕಪಕ್ಕದವರು ಹೊರಗೆ ಬಂದು ನಿಲ್ಲುತ್ತಾರೆ. ಅವರದ್ದೇನೂ ತಪ್ಪಿಲ್ಲ. ಹಾಗಾಗಿ ಊರಾಚೆ ಬಯಲು ಇರಬೇಕು, ಅಲ್ಲಿಗೆ ವಾರಕ್ಕೊಮ್ಮೆಯಾದರೂ ಹೋಗಲು ಪುರುಸೊತ್ತು ಇರಬೇಕು. ಎರಡೂ ಇಲ್ಲದಿದ್ದರೆ ನೈಟ್ರೋ ವಿಚಾರವನ್ನು ಇಲ್ಲಿಗೇ ಬಿಡಬಹುದು.

ನಮ್ಮ ಕಡೆಯ ಮಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನವಲಗುಂದ, ಗದಗ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ರಾಡಿಯಾಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. 1/10 ಅಳತೆಯ (ನಿಜವಾದ ಕಾರಿನ ಹತ್ತನೇ ಒಂದರಷ್ಟು) ಕಾರಿನ ಮುಂದಿನ ಗಾಲಿ ಆ ಬಿರುಕಿಗೆ ಸಿಕ್ಕರೆ ಸಸ್ಪೆನ್ಷನ್ ತೋಳು ಮುರಿದಂತೆಯೇ. ಅಲ್ಲಿಗೆ 1/8 ಅಳತೆಯ ದೊಡ್ಡ ಗಾಲಿ ಒಳ್ಳೆಯದು. ಗರಸು ಹಾಕಿದ ಗಟ್ಟಿ ನೆಲ ಸಿಕ್ಕರೆ 1/10 ಸಾಕು.

ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಎಲೆಕ್ಟ್ರಿಕ್ ಗಾಡಿಗೆ ಅದರಿಂದ ಬೇರಿಂಗ್, ಗೇರುಗಳ ತೊಂದರೆ ಅಷ್ಟೇ. ನೈಟ್ರೋಗೆ ಹಾಗಲ್ಲ. ಅದು ಗಾಳಿ ಎಳೆದುಕೊಂಡು ಬದುಕುವ ಎಂಜಿನ್. ಪಿಸ್ಟನ್‌ಗೆ ರಿಂಗ್ ಇರುವುದಿಲ್ಲ, ಸ್ಲೀವಿನ (ಪಿಸ್ಟನ್ ಓಡಾಡುವ ಕೊಳವೆಯ) ಮೇಲ್ತುದಿಯ ಬಿಗಿತದಿಂದಲೇ ಕಂಪ್ರೆಷನ್ ಬರುತ್ತದೆ. ಫಿಲ್ಟರ್ ದಾಟಿ ಧೂಳು ಒಳಗೆ ಹೋದರೆ ಆ ಬಿಗಿತ ಸವೆದು ಎಂಜಿನ್ ಮುಗಿದೇ ಹೋಗುತ್ತದೆ. ಫೋಮ್ ಫಿಲ್ಟರ್ ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚುವುದು ಪ್ರತಿ ಸಲದ ಕೆಲಸ.

ಆಮೇಲೆ ಇಂಧನದ ಮಾತು

ಹೆಚ್ಚಿನವರು ಸೋಲುವುದು ಇಲ್ಲೇ. ನೈಟ್ರೋ ಕಾರಿಗೆ ಬಂಕಿನ ಪೆಟ್ರೋಲ್ ಹಾಕುವಂತಿಲ್ಲ. ಅದಕ್ಕೆ ಬೇಕಾದದ್ದು ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ. ಕಾರುಗಳಿಗೆ ಸಾಮಾನ್ಯವಾಗಿ ನೈಟ್ರೋಮೀಥೇನ್ ಪಾಲು ಶೇ 15ರಿಂದ 30ರವರೆಗೆ ಇರುತ್ತದೆ. ಬೆಂಕಿ ಹೊತ್ತುವ ದ್ರವವಾದ್ದರಿಂದ ಸಾಮಾನ್ಯ ಕೊರಿಯರ್‌ನಲ್ಲಿ ತರಿಸುವುದು ಕಷ್ಟ. ಕಾರಿಗೆ ದುಡ್ಡು ಕೊಡುವ ಮೊದಲೇ ಇಂಧನ ಕೊಡುವವರನ್ನು ಹುಡುಕಿಕೊಳ್ಳಿ. 75 ಎಂಎಲ್ ಟ್ಯಾಂಕ್ ಎಂಟು-ಹತ್ತು ನಿಮಿಷ ಬರುತ್ತದೆ. ಅಂದರೆ ಒಂದು ಲೀಟರ್ ಸುಮಾರು ಎರಡು ಗಂಟೆಯ ಓಟ.

ಮೆಥನಾಲ್ ವಿಷ. ಅದರ ಉರಿ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಗಾಳಿಯ ತೇವವನ್ನೂ ಹೀರುತ್ತದೆ. ಧಾರವಾಡದ ಜುಲೈ ತಿಂಗಳಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿಯ ಇಂಧನವನ್ನು ನಂಬಬೇಡಿ. ಮಕ್ಕಳಿಗಾಗಿ ಕಾರು ತರುವವರು ನೈಟ್ರೋ ತರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲೆಕ್ಟ್ರಿಕ್ ಎಂದು ತೀರ್ಮಾನಿಸಿದರೆ

ಮೊದಲ ಕಾರಿಗೆ ಬ್ರಷ್ ಇರುವ ಮೋಟರ್, 7.2 ವೋಲ್ಟ್‌ನ ನಿಕಲ್ ಬ್ಯಾಟರಿ ಸಾಕು. ಕೈ ಕುದುರಿದ ಮೇಲೆ ಬ್ರಷ್‌ಲೆಸ್ ಮತ್ತು ಲಿಪೋ (ಲಿಥಿಯಂ ಪಾಲಿಮರ್). ಲಿಪೋ ಬ್ಯಾಟರಿಯಲ್ಲಿ 2ಎಸ್ ಅಂದರೆ ಎರಡು ಸೆಲ್, 7.4 ವೋಲ್ಟ್. 3ಎಸ್ ಅಂದರೆ 11.1 ವೋಲ್ಟ್. ಕಾರಿನ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಭಾಗ) ಎಷ್ಟು ಸೆಲ್ ತಡೆಯುತ್ತದೆ ಎಂದು ನೋಡಿಕೊಂಡೇ ಕೊಳ್ಳಿ.

ಎಲ್ಲ ಸೆಲ್‌ಗಳನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್‌ನಲ್ಲಿ ಉಳಿತಾಯ ಮಾಡಬೇಡಿ. 5000 ಎಂಎಎಚ್ ಬ್ಯಾಟರಿಯನ್ನು 5 ಆಂಪಿಯರ್‌ನಲ್ಲಿ ಹಾಕಿದರೆ ಸುಮಾರು ಒಂದು ಗಂಟೆಗೆ ತುಂಬುತ್ತದೆ, ಓಡಿಸುವ ರೀತಿಯ ಮೇಲೆ 15-25 ನಿಮಿಷ ಬರುತ್ತದೆ. ಎರಡು ಬ್ಯಾಟರಿ ಇದ್ದರೆ ಸಂಜೆ ಸಾರ್ಥಕ. ತುಂಬಿದಾಗ ಸೆಲ್‌ಗೆ 4.2 ವೋಲ್ಟ್, 3 ವೋಲ್ಟ್‌ಗಿಂತ ಕೆಳಗೆ ಇಳಿಯಲೇಬಾರದು. ವಾರಗಟ್ಟಲೆ ಓಡಿಸದಿದ್ದರೆ 3.8ರ ಆಸುಪಾಸಿಗೆ ತಂದು ಇಡಿ. ಚಾರ್ಜ್‌ಗೆ ಹಾಕಿ ಮಲಗುವುದು, ಪೇಟೆಗೆ ಹೋಗುವುದು ಬೇಡವೇ ಬೇಡ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಡಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಎಷ್ಟೇ ದುಬಾರಿಯಾಗಿರಲಿ.

ನೈಟ್ರೋನೇ ಬೇಕು ಎಂದಾದರೆ

ಬೇಕೆನ್ನುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಎಂಜಿನ್ನಿನ ಸದ್ದು, ಕಾರ್ಬ್ಯುರೇಟರ್ ತಿದ್ದುವ ಖುಷಿ ಬ್ಯಾಟರಿಯಲ್ಲಿ ಸಿಗುವುದಿಲ್ಲ. 1/8 ಆಫ್‌ರೋಡ್ ಬಗ್ಗಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೈಟ್ರೋ ಗಾಡಿಗಳು ಓಡುವುದು ಸುಮ್ನೆ ಅಲ್ಲ. ಆದರೆ ತಾಳ್ಮೆ ಬೇಕು.

ಹೊಸ ಎಂಜಿನ್‌ಗೆ ಮೊದಲ ಕೆಲವು ಟ್ಯಾಂಕ್ ಪೂರ್ತಿ ಬ್ರೇಕ್-ಇನ್, ಅಂದರೆ ಎಂಜಿನ್ ಪಳಗಿಸುವ ಕೆಲಸ. ಇಂಧನ ಜಾಸ್ತಿ ಹೋಗುವಂತೆ ಕಾರ್ಬ್ಯುರೇಟರ್ ಸೂಜಿ ತೆರೆದಿಟ್ಟು, ಮೆಲ್ಲಗೆ ಓಡಿಸಿ, ಪ್ರತಿ ಟ್ಯಾಂಕ್ ಆದ ಮೇಲೆ ತಣ್ಣಗಾಗಲು ಬಿಡಿ. ತಣ್ಣಗಾಗಿಸುವಾಗ ಪಿಸ್ಟನ್ ಮೇಲ್ತುದಿಯಲ್ಲಿ ಸಿಕ್ಕಿಕೊಂಡಿರದಂತೆ ಫ್ಲೈವೀಲ್ ತಿರುಗಿಸಿ ಕೆಳಗೆ ತನ್ನಿ. ಆಮೇಲೆ ಸೂಜಿಯನ್ನು ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಹೊಗೆಯ ಗೆರೆ ಯಾವಾಗಲೂ ಕಾಣುತ್ತಿರಬೇಕು. ಹೊಗೆ ನಿಂತು, ಎಂಜಿನ್ ತಲೆಯ ಮೇಲೆ ಹಾಕಿದ ನೀರಿನ ಹನಿ ಚುರ್ ಎಂದು ಕ್ಷಣದಲ್ಲಿ ಆರಿದರೆ ಇಂಧನ ಸಾಲುತ್ತಿಲ್ಲ ಎಂದರ್ಥ. ತಕ್ಷಣ ನಿಲ್ಲಿಸಿ. ಡಿಸೆಂಬರ್ ಬೆಳಗಿನ ಚಳಿಗೂ ಮೇ ಮಧ್ಯಾಹ್ನಕ್ಕೂ ಒಂದೇ ಸೆಟ್ಟಿಂಗ್ ನಡೆಯುವುದಿಲ್ಲ. ತಂಪು ಗಾಳಿ ದಟ್ಟ, ಆಗ ಇಂಧನ ತುಸು ಜಾಸ್ತಿ ಬೇಕು.

ಮನೆಗೆ ಹೊರಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ಎಂಜಿನ್ ನಿಲ್ಲುವವರೆಗೆ ಓಡಿಸಿ, ಆಫ್ಟರ್-ರನ್ ಎಣ್ಣೆಯ ಹನಿ ಬಿಡಿ. ಇಲ್ಲದಿದ್ದರೆ ಒಳಗೆ ತುಕ್ಕು. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಒಂದೆರಡು ಹೆಚ್ಚುವರಿಯಾಗಿ ಜೇಬಿನಲ್ಲಿರಲಿ. ರಿಮೋಟ್‌ನ ಸಂಕೇತ ಹಿಡಿಯುವ ರಿಸೀವರ್‌ನ ಬ್ಯಾಟರಿ ಸತ್ತರೆ ಗಾಡಿ ಕೈತಪ್ಪುತ್ತದೆ, ಆದ್ದರಿಂದ ಫೇಲ್‌ಸೇಫ್ (ಅಂಥ ಹೊತ್ತಲ್ಲಿ ಗಾಡಿಯನ್ನು ತಾನೇ ನಿಲ್ಲಿಸುವ ವ್ಯವಸ್ಥೆ) ಕೆಲಸ ಮಾಡುತ್ತಿದೆಯೇ ಎಂದು ಓಡಿಸುವ ಮೊದಲು ನೋಡಿ.

ಯಾವುದನ್ನೇ ಆರಿಸಿ, ಆರ್ಡರ್ ಮಾಡುವ ಮೊದಲು ಆ ಮಾದರಿಯ ಸಸ್ಪೆನ್ಷನ್ ತೋಳು, ಸ್ಪರ್ ಗೇರ್, ಡ್ರೈವ್‌ಶಾಫ್ಟ್ ಭಾರತದಲ್ಲಿ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಸಿಗದಿದ್ದರೆ ಬೇರೆ ಮಾದರಿ ನೋಡಿ. ಸಿಗುವುದಾದರೆ ಮುಂದಿನ ತೋಳು ಒಂದು ಜೊತೆ ಕಾರಿನ ಜೊತೆಗೇ ತರಿಸಿಕೊಳ್ಳಿ.